ಮಾತ್ರೆಯ ಒಳಗೂ ಹೊರಗೂ: ಓದುಗರ ಪ್ರಶ್ನೆ, ಫಾರ್ಮಸಿ ಮೇಡಂ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ 'ಯಾವ ಮಾತ್ರೆ ತೆಗೆದುಕೊಳ್ಳಲಿ' ಎಂದು ಕೇಳಿದವು. ಅವಕ್ಕೆ ನಾನು ಉತ್ತರಿಸುವುದಿಲ್ಲ, ನಾನು ವೈದ್ಯೆಯಲ್ಲ. ಒಂಬತ್ತು ವರ್ಷ ಪೀಣ್ಯದ ಮಾತ್ರೆ ಕಾರ್ಖಾನೆಯೊಂದರಲ್ಲಿ ಪುಡಿ ಕಲಸಿದವಳು, ಆಮೇಲೆ ಇಪ್ಪತ್ತನಾಲ್ಕು ವರ್ಷ ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳಿದವಳು. ಮಾತ್ರೆ ಹೇಗಾಗುತ್ತದೆ, ಅದಕ್ಕೂ ಮುಂಚೆ ಪ್ರಯೋಗಾಲಯದಲ್ಲಿ ಏನೇನು ನಡೆಯುತ್ತದೆ ಎಂಬಲ್ಲಿಗೆ ನನ್ನ ಗಡಿ ಮುಗಿಯುತ್ತದೆ. ಆ ಗಡಿಯೊಳಗಿನ ಪತ್ರಗಳು ಇಲ್ಲಿವೆ.

ಪ್ರಶ್ನೆ: ಮಗಳು ಎಂ.ಫಾರ್ಮ್ ಓದುತ್ತಿದ್ದಾಳೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ 'ಲ್ಯಾಬ್‌ನಲ್ಲಿದ್ದೇನೆ ಅಪ್ಪಾಜಿ, ಬಾಲಚುಕ್ಕಿ ಎಣಿಸುತ್ತಿದ್ದೇನೆ' ಎನ್ನುತ್ತಾಳೆ. ಔಷಧ ಓದಲು ಹೋದವಳಿಗೆ ಬಾಲಚುಕ್ಕಿಯ ಗೊಡವೆ ಏಕೆ? ನಾನು ಗೋವಿನಜೋಳ, ಹತ್ತಿ ಬೆಳೆಯುವವನು. ನನಗೆ ತಿಳಿಯುವಂತೆ ಹೇಳಿ. (ಒಬ್ಬ ತಂದೆ, ಹಾವೇರಿ ಜಿಲ್ಲೆ)

ಉತ್ತರ: ಮಗಳು ನಿಜವನ್ನೇ ಹೇಳುತ್ತಿದ್ದಾಳೆ, ಯಜಮಾನರೇ. ಹತ್ತಿ ಬೆಳೆಯುವವರಿಗೆ ಇದನ್ನು ಹೇಳುವುದು ನನಗೂ ಸುಲಭ. ನಮ್ಮ ಒಂದೊಂದು ಜೀವಕೋಶದೊಳಗೆ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಎಳೆ ಉಂಡೆ ಕಟ್ಟಿಕೊಂಡು ಕುಳಿತಿರುತ್ತದೆ. ಎಲ್ಲೂ ತುಂಡಾಗದ ನೂಲಿನ ಉಂಡೆಯನ್ನು ಗಾಳಿಗೆ ಇಟ್ಟರೆ ಅದು ಉಂಡೆಯಾಗಿಯೇ ಇರುತ್ತದೆ. ಅಲ್ಲಲ್ಲಿ ತುಂಡಾಗಿದ್ದರೆ? ಗಾಳಿ ಬೀಸುವ ಕಡೆಗೆ ಎಳೆಗಳು ಹಾರಿ ಬಾಲದಂತೆ ಚಾಚಿಕೊಳ್ಳುತ್ತವೆ. ನಿಮ್ಮ ಮಗಳು ನೋಡುತ್ತಿರುವುದು ಆ ಬಾಲವನ್ನೇ, ಈ ಪರೀಕ್ಷೆಯ ಹೆಸರೇ ಕಾಮೆಟ್ (ಬಾಲಚುಕ್ಕಿ) ಪರೀಕ್ಷೆ. ಗಾಳಿಯ ಬದಲು ಅಲ್ಲಿ ವಿದ್ಯುತ್ತು ಎಳೆಯುತ್ತದೆ.

ಕೆಲಸ ಹೀಗೆ ನಡೆಯುತ್ತದೆ. ಗಾಜಿನ ಸ್ಲೈಡಿನ ಮೇಲೆ ಅಗರೋಸ್ ಎಂಬ ಅಂಟು ಬಳಿದು ಒಣಗಿಸುತ್ತಾರೆ. ಅದು ಕಡಲಪಾಚಿಯಿಂದ ಬರುವ, ಅಗರ್‌ ಜಾತಿಯದೇ ಪದಾರ್ಥ. ಮೈ ಬಿಸಿಯಷ್ಟೇ ಬೆಚ್ಚಗಿರುವ ಇನ್ನೊಂದು ತೆಳು ಅಗರೋಸಿನಲ್ಲಿ ಕೋಶಗಳನ್ನು ಕಲಸಿ ಅದರ ಮೇಲೆ ಹರಡಿ ಫ್ರಿಜ್‌ನಲ್ಲಿ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ಗಟ್ಟಿ ಉಪ್ಪುನೀರು, ಸೋಪಿನಂಥ ದ್ರಾವಣದಲ್ಲಿ ಮುಳುಗಿಸಿದರೆ ಕೋಶದ ಪೊರೆ, ಪ್ರೋಟೀನು ಎಲ್ಲ ಕರಗಿಹೋಗಿ ಡಿಎನ್‌ಎ ಉಂಡೆ ಮಾತ್ರ ಬತ್ತಲೆಯಾಗಿ ಉಳಿಯುತ್ತದೆ. ಸ್ಲೈಡನ್ನು ಪಿಎಚ್ 13ಕ್ಕಿಂತ ಮೇಲಿನ ಕ್ಷಾರದಲ್ಲಿಟ್ಟು ವಿದ್ಯುತ್ ಹರಿಸುತ್ತಾರೆ. ಡಿಎನ್‌ಎಗೆ ಋಣ ಆವೇಶ, ಹಾಗಾಗಿ ಅದು ಧನ ಧ್ರುವದ ಕಡೆ ಓಡುತ್ತದೆ. ಇಪ್ಪತ್ತು ಮೂವತ್ತು ನಿಮಿಷ ಸಾಕು. ಬಣ್ಣ ಹಾಕಿ ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಪ್ಪು ಆಕಾಶದಲ್ಲಿ ಕಿತ್ತಳೆ ಬಣ್ಣದ ಚುಕ್ಕಿಗಳು. ಹಾನಿಯಾಗದ ಕೋಶ ದುಂಡಗೆ ಕುಂಕುಮದ ಬೊಟ್ಟಿನಂತೆ ಇರುತ್ತದೆ. ಹಾನಿಯಾದದ್ದಕ್ಕೆ ತಲೆ ಮಂಕು, ಬಾಲ ಉದ್ದ. ಒಟ್ಟು ಡಿಎನ್‌ಎಯಲ್ಲಿ ಶೇಕಡಾ ಎಷ್ಟು ಬಾಲಕ್ಕೆ ಹೋಗಿದೆ ಎಂದು ಒಂದೊಂದೇ ಕೋಶಕ್ಕೆ ಅಳೆಯುತ್ತಾರೆ. ಒಂದು ಸ್ಲೈಡಿಗೆ ಐವತ್ತು, ನೂರು ಕೋಶ ಎಂದರೂ ರಾತ್ರಿ ಹತ್ತಾಗುವುದು ಸಹಜ.

ಸ್ವೀಡನ್ನಿನ ಓಸ್ಟ್ಲಿಂಗ್ ಮತ್ತು ಯೊಹಾನ್ಸನ್ ಇದರ ಮೊದಲ ರೂಪವನ್ನು 1984ರಲ್ಲಿ ತೋರಿಸಿದರು. ನಿಮ್ಮ ಮಗಳು ಮಾಡುತ್ತಿರುವ ಕ್ಷಾರದ ವಿಧಾನವನ್ನು ನರೇಂದ್ರ ಸಿಂಗ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದರು.

ನನ್ನ ಮೊದಲ ಬಾಲಚುಕ್ಕಿಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ ಕೋಶಗಳಿಗೆ ಬಾಲ ಬಂತು, ಬರಲೇಬೇಕಿತ್ತು. ಏನೂ ಹಾಕದ ಕೋಶಗಳಿಗೂ ಅಷ್ಟೇ ಉದ್ದದ ಬಾಲ! ಮೂರು ವಾರ ರಾಸಾಯನಿಕಗಳನ್ನು ಬೈದೆ. ಕೊನೆಗೆ ನಮ್ಮ ಲ್ಯಾಬ್ ಅಟೆಂಡರ್, 'ಮೇಡಂ, ನೀವು ಕೆಲಸ ಮಾಡುವಾಗ ತಲೆಯ ಮೇಲೆ ಎರಡು ಟ್ಯೂಬ್‌ಲೈಟ್ ಉರಿಯುತ್ತಿರುತ್ತವೆ, ಪಕ್ಕದ ಲ್ಯಾಬ್‌ನವರು ದೀಪ ಆರಿಸಿಕೊಂಡು ಮಾಡುತ್ತಾರೆ' ಎಂದರು. ಬತ್ತಲೆ ಡಿಎನ್‌ಎಯನ್ನು ಬೆಳಕೇ ಮುರಿಯುತ್ತಿತ್ತು. ಮರುದಿನ ಮಂದ ಹಳದಿ ದೀಪದಲ್ಲಿ ಮಾಡಿದೆ, ಬೊಟ್ಟುಗಳು ದುಂಡಗೆ ಕುಳಿತವು.

ಇಷ್ಟೆಲ್ಲ ಏಕೆಂದರೆ, ಹೊಸ ಅಣುವೋ ಬೇರಿನ ಕಷಾಯವೋ ರೋಗ ವಾಸಿಮಾಡುವ ಭರದಲ್ಲಿ ವಂಶವಾಹಿಯನ್ನೇ ಕತ್ತರಿಸಿದರೆ ಮುಂದೆ ಕ್ಯಾನ್ಸರಿಗೆ ದಾರಿಯಾಗಬಹುದು. ಆದರೆ ಬಾಲ ಕಂಡ ಮಾತ್ರಕ್ಕೆ ತೀರ್ಪು ಕೊಡುವಂತಿಲ್ಲ. ಕೋಶಗಳು ಬಹಳಷ್ಟು ಮುರಿತಗಳನ್ನು ತಾವೇ ಹೊಲಿದುಕೊಳ್ಳುತ್ತವೆ. ಅದಕ್ಕೇ ಜೊತೆಗೆ ಏಮ್ಸ್ ಪರೀಕ್ಷೆ ಇರುತ್ತದೆ. ದೆಹಲಿಯ ಆಸ್ಪತ್ರೆಯಲ್ಲ, ಬ್ರೂಸ್ ಏಮ್ಸ್ ಎಂಬ ಅಮೆರಿಕದ ವಿಜ್ಞಾನಿ 1970ರ ದಶಕದಲ್ಲಿ ರೂಪಿಸಿದ್ದು. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ತಯಾರಿಸಿಕೊಳ್ಳಲಾರದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಹಿಸ್ಟಿಡಿನ್ ಇಲ್ಲದಂಥ ತಟ್ಟೆಯಲ್ಲಿ ಬಿಡುತ್ತಾರೆ. ಅವು ಉಪವಾಸ ಬೀಳಬೇಕು. ನಾವು ಹಾಕಿದ ವಸ್ತು ಡಿಎನ್‌ಎಯನ್ನು ಕೆಡಿಸುವಂಥದ್ದಾದರೆ, ಕೆಡುವ ಭರದಲ್ಲಿ ಕೆಲವಕ್ಕೆ ಕಳೆದುಹೋದ ಶಕ್ತಿ ಮರಳಿ ಬಂದು ತಟ್ಟೆಯ ತುಂಬ ಚುಕ್ಕೆಚುಕ್ಕೆಯಾಗಿ ಬೆಳೆಯುತ್ತವೆ. ಇಲಿಯ ಯಕೃತ್ತಿನ ಸಾರವನ್ನೂ ಸೇರಿಸುತ್ತಾರೆ, ಏಕೆಂದರೆ ಕೆಲವು ವಸ್ತುಗಳು ಬಾಯಿಂದ ಇಳಿಯುವಾಗ ಸಾಧು, ಯಕೃತ್ತು ದಾಟಿದ ಮೇಲೆ ವಿಷ.

ಮಗಳಿಗೆ ಒಂದು ಮಾತು ತಲುಪಿಸಿ. ಆ ಬಣ್ಣ ಎಥಿಡಿಯಮ್ ಬ್ರೋಮೈಡ್ ಆಗಿದ್ದರೆ ಅದೂ ಡಿಎನ್‌ಎಗೇ ಅಂಟುವಂಥದ್ದು. ಕೈಗವಸು ಬಿಚ್ಚದೆ ಫೋನ್ ಎತ್ತಬಾರದು. ನೀವೂ ಎಣಿಕೆಯ ಹೊತ್ತಿಗೆ ಫೋನ್ ಮಾಡಬೇಡಿ.

ಪ್ರಶ್ನೆ: ನನ್ನ ತಮ್ಮನಿಗೆ ಕ್ಯಾನ್ಸರಿಗೆಂದು ಸಿಸ್ಪ್ಲಾಟಿನ್ ಕೊಡುತ್ತಿದ್ದಾರೆ. ಅದು ಡಿಎನ್‌ಎಯನ್ನು ಹಾಳುಮಾಡುತ್ತದೆ ಎಂದು ಓದಿ ಎದೆ ಧಸಕ್ಕೆಂದಿತು. ಹಾಳುಮಾಡುವುದನ್ನು ಔಷಧವೆಂದು ಹೇಗೆ ಕರೆಯುತ್ತಾರೆ? ಮತ್ತೆ ಬಾಟಲಿ ಮೇಲೆ ಬಾಟಲಿ ಸಲೈನ್ ಏಕೆ? (ಒಬ್ಬ ಅಕ್ಕ, ಶಿವಮೊಗ್ಗ)

ಉತ್ತರ: ಓದಿದ್ದು ನಿಜ. ಬೇರೆ ಔಷಧಗಳಲ್ಲಿ ನಾವು ತಪ್ಪಿಸಲು ಹೆಣಗುವ ಗುಣವೇ ಇಲ್ಲಿ ಬೇಕಾದ ಗುಣ. ಕ್ಯಾನ್ಸರ್ ಕೋಶಗಳು ಬಿಡುವಿಲ್ಲದೆ ವಿಭಜನೆಯಾಗುತ್ತವೆ, ಪ್ರತಿ ಸಲವೂ ಡಿಎನ್‌ಎಯ ನಕಲು ತೆಗೆಯಬೇಕು. ಸಿಸ್ಪ್ಲಾಟಿನ್ ಆ ಎಳೆಯ ಅಕ್ಕಪಕ್ಕದ ಎರಡು ಗ್ವಾನಿನ್‌ಗಳನ್ನು (ಡಿಎನ್‌ಎಯ ಅಕ್ಷರಗಳಲ್ಲಿ ಒಂದು) ಹಿಡಿದು ಗಂಟು ಹಾಕುತ್ತದೆ. ನಕಲು ಗಂಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಕೋಶ ಸಾಯುತ್ತದೆ. ಮೂಳೆಮಜ್ಜೆ, ಕರುಳಿನ ಒಳಪದರದ ಕೋಶಗಳೂ ಬೇಗ ಬೇಗ ವಿಭಜನೆಯಾಗುವುದರಿಂದ ಅವಕ್ಕೂ ಏಟು ಬೀಳುತ್ತದೆ. ರಕ್ತಕಣ ಇಳಿಯುವುದು ಅದರಿಂದಲೇ.

ಇದು ಸಿಕ್ಕಿದ್ದೂ ಹುಡುಕಿ ಅಲ್ಲ. 1965ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್, ವಿದ್ಯುತ್ ಹರಿಸಿದರೆ ಬ್ಯಾಕ್ಟೀರಿಯಾದ ವಿಭಜನೆ ಏನಾಗುತ್ತದೆ ಎಂದು ನೋಡುತ್ತಿದ್ದರು. ವಿಭಜನೆ ನಿಂತಿತು, ಬ್ಯಾಕ್ಟೀರಿಯಾಗಳು ಶ್ಯಾವಿಗೆಯಂತೆ ಉದ್ದುದ್ದ ಬೆಳೆದವು. ವಿದ್ಯುತ್ತಿನ ಕೈವಾಡವೇನೂ ಇರಲಿಲ್ಲ. ಪ್ಲಾಟಿನಮ್ ಕಡ್ಡಿಯಿಂದ ಕರಗಿಬಂದ ಲೋಹ ದ್ರಾವಣದಲ್ಲಿದ್ದ ಅಮೋನಿಯ, ಕ್ಲೋರೈಡ್ ಜೊತೆ ಸೇರಿ ಆ ಕೆಲಸ ಮಾಡಿತ್ತು. 1978ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಅನುಮತಿ ಸಿಕ್ಕಿತು.

ಇನ್ನು ಸಲೈನ್. ಮೊದಲ ಕಾರಣ ಮೂತ್ರಪಿಂಡ. ಈ ಔಷಧ ಅದಕ್ಕೆ ಕ್ರೂರಿ, ನೀರು ಚೆನ್ನಾಗಿ ಹರಿಯುತ್ತಿರಬೇಕು. ಎರಡನೆಯ ಕಾರಣ ನಮ್ಮ ಕಸುಬಿನದು, ನನಗೆ ಬಹಳ ಇಷ್ಟವಾದದ್ದು. ಸಿಸ್ಪ್ಲಾಟಿನ್ ಅಣುವಿನ ನಡುವೆ ಪ್ಲಾಟಿನಮ್, ಸುತ್ತ ಎರಡು ಅಮೋನಿಯ, ಎರಡು ಕ್ಲೋರಿನ್. ಕ್ಲೋರಿನ್ ಎರಡೂ ಜಾಗದಲ್ಲಿರುವ ತನಕ ಅದು ಯಾರ ತಂಟೆಗೂ ಹೋಗದು. ಉಪ್ಪುನೀರಿನಲ್ಲಿ ಕ್ಲೋರೈಡ್ ತುಂಬಿರುವುದರಿಂದ ಅಣುವಿನ ಕ್ಲೋರಿನ್ ಕಳಚುವುದಿಲ್ಲ, ಬಾಟಲಿಯಲ್ಲಿ ಔಷಧ ಕೆಡುವುದಿಲ್ಲ. ರಕ್ತದಲ್ಲೂ ಕ್ಲೋರೈಡ್ ಧಾರಾಳವಾಗಿದೆ. ಕೋಶದ ಒಳಗೆ ಹೊಕ್ಕಾಗ ಕ್ಲೋರೈಡ್ ಬಹಳ ಕಡಿಮೆ. ಅಲ್ಲಿ ಕ್ಲೋರಿನ್ ಕಳಚಿ ನೀರು ಬಂದು ಕೂರುತ್ತದೆ, ಆಗ ಅಣುವಿಗೆ ಹಲ್ಲು ಮೂಡುತ್ತದೆ. ಅಡುಗೆಮನೆಯ ಉಪ್ಪೇ ಈ ಔಷಧಕ್ಕೆ ಒರೆ. ಇದನ್ನು ಫ್ರಿಜ್‌ನಲ್ಲಿಟ್ಟರೆ ಹರಳಾಗಿ ತಳ ಕಾಣುತ್ತದೆ, ಅಲ್ಯುಮಿನಿಯಂ ತಗುಲಿದರೆ ಕಪ್ಪು ಗಸಿ ಕೂರುತ್ತದೆ ಎಂಬುದನ್ನೂ ನರ್ಸ್‌ಗಳು ಬಲ್ಲರು.

ಕೋಶ ತನ್ನ ಮುರಿತವನ್ನು ಹೊಲಿದುಕೊಳ್ಳುತ್ತದೆ ಎಂದೆನಲ್ಲ, ಆ ಸೂಜಿಯನ್ನೇ ಕಸಿದುಕೊಳ್ಳುವ ಔಷಧಗಳೂ ಇವೆ. 2014ರಲ್ಲಿ ಅನುಮತಿ ಪಡೆದ ಒಲಾಪರಿಬ್ ಅಂಥದ್ದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ರಾಘವನ್ ಅವರ ತಂಡ 2012ರಲ್ಲಿ ಎಸ್‌ಸಿಆರ್7 ಎಂಬ ಅಣುವನ್ನು ಇದೇ ದಾರಿಯಲ್ಲಿ ತೋರಿಸಿತು. ಆಮೇಲೆ ಬೇರೆ ಪ್ರಯೋಗಾಲಯಗಳು ಅದರ ರಚನೆಯ ಬಗ್ಗೆ ತಕರಾರು ತೆಗೆದವು. ವಿಜ್ಞಾನದಲ್ಲಿ ಅದೂ ನಿತ್ಯದ ಕೆಲಸವೇ.

ತಮ್ಮನ ಬಟ್ಟೆ, ವಾಂತಿ, ಮೂತ್ರ ಮುಟ್ಟುವಾಗ ಔಷಧ ಕೊಟ್ಟ ಮೊದಲ ಕೆಲವು ದಿನ ಕೈಗವಸು ಹಾಕಿಕೊಳ್ಳಿ. ಎಷ್ಟು ದಿನ ಎಂದು ವಾರ್ಡಿನಲ್ಲಿ ಕೇಳಿ, ಕೇಳಲು ಸಂಕೋಚ ಬೇಡ.

ಪ್ರಶ್ನೆ: ಸಕ್ಕರೆ ಕಾಯಿಲೆಯ ಮಾತ್ರೆ ಮಲದಲ್ಲಿ ಇಡಿಯಾಗಿ ಹೊರಬೀಳುತ್ತಿದೆ. ಮೋಸದ ಮಾತ್ರೆಯೇ? (ನಿವೃತ್ತ ಕಂಡಕ್ಟರ್, ತುಮಕೂರು)

ಉತ್ತರ: ಪಟ್ಟಿಯ ಮೇಲೆ ಹೆಸರಿನ ಮುಂದೆ ಎಸ್‌ಆರ್, ಇಆರ್ ಅಥವಾ ಎಕ್ಸ್‌ಆರ್ ಎಂದಿದೆಯೇ ನೋಡಿ. ಇದ್ದರೆ ನೀವು ಕಂಡದ್ದು ಮಾತ್ರೆಯ ಸಿಪ್ಪೆ. ಮೆಟ್‌ಫಾರ್ಮಿನ್ ನಿಧಾನವಾಗಿ ಬಿಡುಗಡೆಯಾಗಲೆಂದು ನೀರಿನಲ್ಲಿ ಕಾಮಕಸ್ತೂರಿ ಬೀಜದ ಹಾಗೆ ಉಬ್ಬಿ ಲೋಳೆಗಟ್ಟುವ ಪದಾರ್ಥ ಸೇರಿಸಿರುತ್ತಾರೆ. ಔಷಧ ಗಂಟೆಗಟ್ಟಲೆ ಅದರೊಳಗಿಂದ ಜಿನುಗಿ ಹೋಗುತ್ತದೆ, ಖಾಲಿ ಲೋಳೆಯ ಉಂಡೆ ಮಾತ್ರೆಯ ಆಕಾರದಲ್ಲೇ ಹೊರಬರುತ್ತದೆ. ಸಕ್ಕರೆ ಹತೋಟಿಯಲ್ಲಿದ್ದರೆ ಚಿಂತೆ ಇಲ್ಲ, ಏರುತ್ತಿದ್ದರೆ ವೈದ್ಯರಿಗೆ ಹೇಳಿ. ಇಂಥ ಮಾತ್ರೆಯನ್ನು ಮಾತ್ರ ಎಂದೂ ಕುಟ್ಟಿ ಪುಡಿಮಾಡಬೇಡಿ. ದಿನವಿಡೀ ಬರಬೇಕಾದದ್ದು ಒಮ್ಮೆಲೇ ಬರುತ್ತದೆ. ಗೆರೆ ಇದ್ದರೆ ಅರ್ಧ ಮಾಡಬಹುದೇ ಎಂಬುದನ್ನೂ ಕೇಳಿಕೊಂಡೇ ಮಾಡಿ.

ಪ್ರಶ್ನೆ: ಹೊಟ್ಟೆ ಉರಿಗೆಂದು ಹತ್ತು ವರ್ಷ ರಾನಿಟಿಡಿನ್ ನುಂಗಿದ್ದೇನೆ. ಕ್ಯಾನ್ಸರ್ ಬರಿಸುವ ವಸ್ತು ಅದರಲ್ಲಿದೆ ಎಂದು ಮಗ ಹೇಳುತ್ತಾನೆ. (ಗೃಹಿಣಿ, ಮೈಸೂರು)

ಉತ್ತರ: ಮಗ ಹೇಳುತ್ತಿರುವುದು ಎನ್‌ಡಿಎಂಎ ಎಂಬ ಕಲ್ಮಶದ ವಿಚಾರ. 2018ರ ಜುಲೈನಲ್ಲಿ ರಕ್ತದೊತ್ತಡದ ವಾಲ್ಸಾರ್ಟನ್‌ನಲ್ಲಿ ಇದು ಸಿಕ್ಕಿತು. ಅಲ್ಲಿ ತಯಾರಿಕೆಯ ವಿಧಾನ ಬದಲಿಸಿದಾಗ ದ್ರಾವಕ ಮತ್ತು ನೈಟ್ರೈಟ್ ಸೇರಿ ಹುಟ್ಟಿತ್ತು. ರಾನಿಟಿಡಿನ್ ಕಥೆ ಬೇರೆ: ಎನ್‌ಡಿಎಂಎ ಆಗಲು ಬೇಕಾದ ತುಂಡುಗಳು ಆ ಅಣುವಿನಲ್ಲೇ ಇವೆ, ಡಬ್ಬಿಯಲ್ಲಿ ಕುಳಿತು ಬಿಸಿಲಿಗೆ ಕಾದಂತೆ ಹೆಚ್ಚುತ್ತದೆ. ದಿನಕ್ಕೆ ಒಪ್ಪುವ ಮಿತಿ 96 ನ್ಯಾನೊಗ್ರಾಂ, ಗ್ರಾಮಿನ ನೂರು ಕೋಟಿಯಲ್ಲಿ ತೊಂಬತ್ತಾರು ಪಾಲು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಏಪ್ರಿಲ್ 1ರಂದು ಅದನ್ನು ಮಾರುಕಟ್ಟೆಯಿಂದ ತೆಗೆಯಲು ಕೇಳಿತು. ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದ 2022ರಲ್ಲಿ ಕೈಬಿಟ್ಟರು. ಆ ಮಿತಿ ಎಪ್ಪತ್ತು ವರ್ಷ ದಿನವೂ ನುಂಗಿದರೂ ಅಪಾಯ ತೀರ ಸಣ್ಣದಿರಲಿ ಎಂದು ಹಾಕಿದ್ದು. ಆದ್ದರಿಂದ ಹಿಂದಿನದಕ್ಕೆ ನಿದ್ದೆಗೆಡಬೇಡಿ, ಮುಂದಕ್ಕೆ ಬೇರೆ ಔಷಧ ಕೇಳಿ. ಹತ್ತು ವರ್ಷ ಹೊಟ್ಟೆ ಉರಿ ಏಕೆ ಇದೆ ಎಂಬುದನ್ನೂ ಒಮ್ಮೆ ತೋರಿಸಿಕೊಳ್ಳಿ. ನನಗೆ ಹೆಚ್ಚು ಯೋಚನೆ ಅದರದೇ.

ಪ್ರಶ್ನೆ: ಅರಿಶಿನದ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿದೆಯಂತೆ. ಕ್ಯಾಪ್ಸೂಲ್ ತರಿಸಲೇ? ಮೆಣಸಿನ ಸಾರ ಸೇರಿಸಿದ್ದು ಇಪ್ಪತ್ತು ಪಟ್ಟು ಶಕ್ತಿ ಎಂದು ಬರೆದಿದೆ. (ಒಬ್ಬ ಓದುಗರು, ಶಿರಸಿ)

ಉತ್ತರ: ತಟ್ಟೆಯಲ್ಲಿ ಕೋಶ ಕೊಲ್ಲುವುದು ದೊಡ್ಡ ವಿಷಯವಲ್ಲ, ಬ್ಲೀಚಿಂಗ್ ಪುಡಿಯೂ ಕೊಲ್ಲುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ, ಬಿಳಿ ಪಂಚೆಗೆ ಬಿದ್ದ ಅರಿಶಿನ ಎಷ್ಟು ಒಗೆದರೂ ಹೋಗದು. ಕರಗಿಸಿದರೂ ನಿಲ್ಲುವುದಿಲ್ಲ: ರಕ್ತದಷ್ಟೇ ಪಿಎಚ್ ಇರುವ ದ್ರಾವಣದಲ್ಲಿ, ಮೈ ಬಿಸಿಯಲ್ಲಿ, ಅರ್ಧ ಗಂಟೆಯೊಳಗೆ ಹತ್ತರಲ್ಲಿ ಒಂಬತ್ತು ಪಾಲು ಒಡೆದುಹೋಗುತ್ತದೆ. ಕರುಳು, ಯಕೃತ್ತು ದಾಟಿ ಉಳಿದು ಬರುವುದು ಚೂರೇ ಚೂರು.

ಆ ಇಪ್ಪತ್ತು ಪಟ್ಟಿನ ಮೂಲ ನಮ್ಮೂರೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಬಂದ ಪ್ರಬಂಧ. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು, ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಶೇಕಡಾ 2000 ಏರಿತು. ಒಳ್ಳೆಯ ಕೆಲಸ, ಪ್ರಪಂಚದಾದ್ಯಂತ ಉಲ್ಲೇಖವಾಗುತ್ತದೆ. ಆದರೆ ಬರಿದಾದ ಹುಂಡಿಯಲ್ಲಿ ಒಂದು ರೂಪಾಯಿ ಇದ್ದದ್ದು ಇಪ್ಪತ್ತಾದರೆ ಮಗಳ ಮದುವೆ ಮಾಡಲಾಗುವುದಿಲ್ಲ. ತಟ್ಟೆಯಲ್ಲಿ ಕೋಶ ಕೊಂದ ಪ್ರಮಾಣ ರಕ್ತಕ್ಕೆ ಬಂತೇ ಎಂಬುದು ಬೇರೆ ಪ್ರಶ್ನೆ, ಲೇಬಲ್ಲಿನಲ್ಲಿ ಅದಕ್ಕೆ ಉತ್ತರವಿರುವುದಿಲ್ಲ. ಇನ್ನೊಂದು ಎಚ್ಚರ: ಪೈಪರಿನ್ ಯಕೃತ್ತಿನ ಕೈ ಕಟ್ಟಿಹಾಕುವುದರಿಂದಲೇ ಕರ್ಕ್ಯುಮಿನ್ ಉಳಿಯುವುದು. ಕಟ್ಟಿಹಾಕಿದ ಕೈ ನಿಮ್ಮ ಬೇರೆ ಮಾತ್ರೆಗಳನ್ನೂ ಹೊರಹಾಕುವುದಿಲ್ಲ. ಮೂರ್ಛೆರೋಗದ ಫೆನಿಟಾಯಿನ್, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಂಥ ಕ್ಯಾಪ್ಸೂಲ್ ಮುಟ್ಟಬಾರದು. ಸಾರಿಗೆ ಹಾಕುವ ಅರಿಶಿನ, ಮೆಣಸಿಗೆ ನನ್ನ ತಕರಾರಿಲ್ಲ.

ಪ್ರಶ್ನೆ: ಅದೇ ಔಷಧ, ಅಷ್ಟೇ ಮಿಲಿಗ್ರಾಂ, ಬೇರೆ ಕಂಪನಿ. ಅಂಗಡಿಯವರು 'ಎಲ್ಲ ಒಂದೇ' ಎನ್ನುತ್ತಾರೆ. ಉಳಿದದ್ದು ಬರೀ ಹಿಟ್ಟು ತಾನೇ? (ಕಾಲೇಜು ಉಪನ್ಯಾಸಕ, ಹಾಸನ)

ಉತ್ತರ: ಹಿಟ್ಟಿನ ವಿಷಯ ಬಂದರೆ ನಾನು ಸುಮ್ಮನಿರಲಾರೆ. 1968ರ ಸುಮಾರಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಫೆನಿಟಾಯಿನ್ ಕ್ಯಾಪ್ಸೂಲ್ ನುಂಗುತ್ತಿದ್ದವರು ಇದ್ದಕ್ಕಿದ್ದಂತೆ ತೂರಾಡತೊಡಗಿದರು. ಪ್ರಮಾಣ ಯಾರೂ ಬದಲಿಸಿರಲಿಲ್ಲ. ಬದಲಾಗಿದ್ದದ್ದು ಹಿಟ್ಟು: ಕ್ಯಾಲ್ಸಿಯಂ ಸಲ್ಫೇಟ್ ಇದ್ದ ಜಾಗಕ್ಕೆ ಲ್ಯಾಕ್ಟೋಸ್ ಬಂದಿತ್ತು. ಹಳೆಯ ಹಿಟ್ಟು ಔಷಧವನ್ನು ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತಿತ್ತು, ಹೊಸದು ಪೂರ್ತಿ ಬಿಟ್ಟುಕೊಟ್ಟಿತು. ರಕ್ತದಲ್ಲಿ ಮಟ್ಟ ವಿಷದ ಗೆರೆ ದಾಟಿತು.

ನನ್ನದೂ ಒಂದಿದೆ. ಕಾರ್ಖಾನೆಗೆ ಸೇರಿದ ಎರಡನೆಯ ವರ್ಷ. ಮಾತ್ರೆ ಒತ್ತುವ ಮುಂಚೆ ಪುಡಿ ಅಚ್ಚಿಗೆ ಅಂಟದಿರಲೆಂದು ಕೊನೆಯಲ್ಲಿ ಮೆಗ್ನೀಷಿಯಂ ಸ್ಟಿಯರೇಟ್ ಸೇರಿಸುತ್ತೇವೆ. ನೂರು ಕಿಲೋ ಪುಡಿಗೆ ಒಂದು ಕಿಲೋ ದಾಟುವುದಿಲ್ಲ. ಮುಟ್ಟಿದರೆ ಟಾಲ್ಕಂ ಪೌಡರಿಗಿಂತ ನುಣುಪು, ಬೆರಳಿಂದ ತೊಳೆದರೂ ಹೋಗದಂಥ ಜಿಡ್ಡು. ಅದನ್ನು ಹಾಕಿದ ಮೇಲೆ ಐದು ನಿಮಿಷ ಮಾತ್ರ ತಿರುಗಿಸಬೇಕು. ಅವತ್ತು ಕ್ಯಾಂಟೀನಿನಲ್ಲಿ ಬಿಸಿಬೇಳೆಬಾತ್. ಯಂತ್ರ ಹಾಕಿ, ಹುಡುಗನಿಗೆ ನಿಲ್ಲಿಸಲು ಹೇಳಿದೆನೆಂದುಕೊಂಡು ಹೋದೆ, ಹೇಳಿರಲಿಲ್ಲ. ನಲವತ್ತು ನಿಮಿಷ ತಿರುಗಿತ್ತು.

ಮಾತ್ರೆಗಳು ನೋಡಲು ಮದುಮಗಳಂತೆ ಹೊಳೆಯುತ್ತಿದ್ದವು. ಬೆರಳಲ್ಲಿ ಒತ್ತಿದರೆ ಮೆತ್ತಗೆ. ಚಕ್ಕುಲಿ ಹಿಟ್ಟಿಗೆ ಬೆಣ್ಣೆ ಜಾಸ್ತಿಯಾದರೆ ಎಣ್ಣೆಯಲ್ಲಿ ಬಿಟ್ಟ ಕೂಡಲೇ ಉದುರುವುದಿಲ್ಲವೇ, ಹಾಗೆ. ಇದು ಉದುರಬೇಕಾದ ಜಾಗದಲ್ಲಿ ಉದುರಲೂ ಇಲ್ಲ! ಜಿಡ್ಡು ಒಂದೊಂದು ಕಣಕ್ಕೂ ರೇನ್‌ಕೋಟ್ ತೊಡಿಸಿತ್ತು. ಕರಗುವ ಪರೀಕ್ಷೆಯಲ್ಲಿ 900 ಮಿಲಿಲೀಟರ್ ದ್ರವ, 37 ಡಿಗ್ರಿ, ಒಳಗೆ ಹುಟ್ಟು ತಿರುಗುತ್ತಿರುತ್ತದೆ. ನಮಗಿದ್ದ ಷರತ್ತು ನಲವತ್ತೈದು ನಿಮಿಷಕ್ಕೆ ಮುಕ್ಕಾಲು ಪಾಲು ಕರಗಬೇಕು. ನಮ್ಮ ಹೊಳೆಯುವ ಮಾತ್ರೆ ಅರ್ಧಕ್ಕೇ ನಿಂತಿತು. ಔಷಧ ಅದೇ, ತೂಕ ಅದೇ, ಹಿಟ್ಟೂ ಅದೇ. ಹೆಚ್ಚಾದದ್ದು ಮೂವತ್ತೈದು ನಿಮಿಷ. ಇಡೀ ಬ್ಯಾಚ್ ಸುಟ್ಟರು. ಅದರ ಬೆಲೆ ನನ್ನ ಎಷ್ಟು ತಿಂಗಳ ಸಂಬಳ ಎಂದು ಮ್ಯಾನೇಜರ್ ಲೆಕ್ಕ ಹಾಕಿ ತೋರಿಸಿದರು.

ಹಾಗೆಂದು ಅಗ್ಗದ ಮಾತ್ರೆಗಳೆಲ್ಲ ಕೆಟ್ಟವು ಎಂದು ನಾನು ಹೇಳುವುದಿಲ್ಲ. ನಾನೂ ನನ್ನ ಬಿಪಿ ಮಾತ್ರೆಯನ್ನು ಜನೌಷಧಿ ಅಂಗಡಿಯಲ್ಲೇ ಕೊಳ್ಳುವುದು. ಹೆಚ್ಚಿನ ಔಷಧಗಳಲ್ಲಿ ಸಣ್ಣ ಏರುಪೇರು ದೇಹಕ್ಕೆ ಗೊತ್ತೂ ಆಗುವುದಿಲ್ಲ. ಫೆನಿಟಾಯಿನ್, ಥೈರಾಯ್ಡ್ ಮಾತ್ರೆ, ವಾರ್ಫರಿನ್‌ನಂಥ ಕೂದಲೆಳೆಯ ಮೇಲೆ ನಡೆಯುವ ಕೆಲವು ಇವೆ. ಅವನ್ನು ಒಂದೇ ಕಂಪನಿಯದಾಗಿ ಇಟ್ಟುಕೊಳ್ಳಿ, ಬದಲಿಸಲೇಬೇಕಾದರೆ ವೈದ್ಯರಿಗೆ ಹೇಳಿ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ನನ್ನ ಎಂ.ಫಾರ್ಮ್ ಪ್ರಾಜೆಕ್ಟ್ ಲಿಪಿಡ್ ನ್ಯಾನೊಕಣಗಳ (ಕೊಬ್ಬಿನಿಂದ ಮಾಡಿದ ಅತಿ ಸೂಕ್ಷ್ಮ ಕಣಗಳು) ಮೇಲೆ. ಮೊದಲ ದಿನ ಕಣದ ಗಾತ್ರ 180 ನ್ಯಾನೊಮೀಟರ್, 40 ಡಿಗ್ರಿಯಲ್ಲಿಟ್ಟು ಮೂವತ್ತನೆಯ ದಿನ ನೋಡಿದರೆ 900ರ ಮೇಲೆ. ಸೀನಿಯರ್‌ಗಳು ಮೊದಲ ದಿನದ್ದನ್ನು ಮಾತ್ರ ಬರೆ ಎನ್ನುತ್ತಾರೆ. ಗೈಡ್‌ಗೆ ಇನ್ನೂ ತೋರಿಸಿಲ್ಲ. (ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ನಾಳೆಯೇ ತೋರಿಸು ತಾಯಿ. ಎರಡೂ ಅಂಕಿ ಬರೆ. ಮೊದಲ ದಿನದ 180 ಎಲ್ಲರಿಗೂ ಬರುತ್ತದೆ. ನಿನ್ನ ಪ್ರಬಂಧದಲ್ಲಿ ನಾನು ಪರೀಕ್ಷಕಿಯಾಗಿದ್ದರೆ ಮೊದಲು ಹುಡುಕುತ್ತಿದ್ದದ್ದು ಮೂವತ್ತನೆಯ ದಿನದ ಸಾಲನ್ನು.

40 ಡಿಗ್ರಿ, ಶೇಕಡಾ 75 ತೇವ, ಆರು ತಿಂಗಳು ಎಂಬ ವೇಗದ ಪರೀಕ್ಷೆಯನ್ನು ಪಟ್ಟಿಯಲ್ಲಿರುವ ಮಾತ್ರೆಗೆ ಮಾಡಿದಂತೆ ಕಣ್ಣುಮುಚ್ಚಿ ಇದಕ್ಕೂ ಮಾಡಿದ್ದೀಯ. ನಿನ್ನ ಲಿಪಿಡ್ ಎಷ್ಟು ಡಿಗ್ರಿಗೆ ಕರಗುತ್ತದೆ? ಅದು ನಲವತ್ತರ ಆಸುಪಾಸಿನಲ್ಲಿದ್ದರೆ ಕಲಬುರಗಿಯ ಏಪ್ರಿಲ್ಲಿನಲ್ಲಿ ಬೆಣ್ಣೆ ಹೊರಗಿಟ್ಟ ಕಥೆಯೇ. ಅದೇ ದಿನದ ತಯಾರಿಕೆಯ ಒಂದು ಸೀಸೆಯನ್ನು ಫ್ರಿಜ್‌ನಲ್ಲಿ, ಇನ್ನೊಂದನ್ನು ಕೋಣೆಯ ಬಿಸಿಯಲ್ಲಿ ಇಟ್ಟಿದ್ದೀಯಾ? ಇಲ್ಲದಿದ್ದರೆ ಹೊಸದಾಗಿ ಮಾಡಿ ಮೂರೂ ಕಡೆ ಇಡು. ಝೀಟಾ ವಿಭವ ಅಳೆದು ನೋಡು. ಕಣಗಳ ಮೈಮೇಲಿನ ಆವೇಶ ಕಡಿಮೆಯಾದರೆ ಅವು ಒಂದನ್ನೊಂದು ದೂಡುವುದನ್ನು ಬಿಟ್ಟು ಅಂಟಿಕೊಳ್ಳುತ್ತವೆ. ನೀರಿನಲ್ಲಿ ನಿಲ್ಲುವುದೇ ಇಲ್ಲ ಎಂದು ಗೊತ್ತಾದರೆ ಟ್ರೆಹಲೋಸ್ ಎಂಬ ಸಕ್ಕರೆ ಸೇರಿಸಿ ಹೆಪ್ಪುಗಟ್ಟಿಸಿ ಒಣಗಿಸುವ ದಾರಿ ಇದೆ, ಆ ಯಂತ್ರ ನಿಮ್ಮ ಕಾಲೇಜಿನಲ್ಲಿಲ್ಲದಿದ್ದರೆ ಗೈಡ್ ಎಲ್ಲಾದರೂ ಹೇಳಿ ಮಾಡಿಸಿಕೊಡುತ್ತಾರೆ.

ಅದಕ್ಕೂ ಮೊದಲು ಆ ಮೂವತ್ತು ದಿನದ ಸೀಸೆಯನ್ನು ಎಸೆಯಬೇಡ. ಕಿಟಕಿಯ ಬೆಳಕಿಗೆ ಹಿಡಿದು ತಳದಲ್ಲಿ ಗಸಿ ಇದೆಯೇ, ಮೇಲೆ ಕೆನೆ ಕಟ್ಟಿದೆಯೇ ನೋಡು. ನಿಧಾನವಾಗಿ ಹತ್ತು ಸಲ ಬುಡಮೇಲು ಮಾಡಿ ಮತ್ತೆ ಗಾತ್ರ ಅಳೆ. ಇನ್ನೂರರ ಹತ್ತಿರಕ್ಕೆ ಇಳಿದರೆ ಕಣಗಳು ಸುಮ್ಮನೆ ಗುಂಪುಗೂಡಿದ್ದವು. ಒಂಬೈನೂರಕ್ಕೇ ನಿಂತರೆ ಕರಗಿ ಒಂದಾಗಿರಬಹುದು, ಇಲ್ಲವೇ ಬಿಡದಂತೆ ಅಂಟಿಕೊಂಡಿರಬಹುದು. ಯಾವುದೆಂದು ನನಗೂ ಒಂದು ಸಾಲು ಬರೆ.